ಬಲಗಡೆಯ ಹೂವು

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಕಲ್ಲುಬೆಂಚಿನ ಮೇಲೆ ಕೂರುವ ಮುದುಕರಲ್ಲಿ ನಾನೂ ಒಬ್ಬ. ಅಲ್ಲಿ ದಿನಕ್ಕೊಂದು ಚರ್ಚೆ ನಡೆಯುತ್ತದೆ. ಈಚೆಗೆ ಹಿಂದೂ ಧರ್ಮ ಅಂದರೆ ಏನು ಅನ್ನುವುದು ಶುರುವಾಗಿದೆ. ಒಬ್ಬರು ಶಾಸ್ತ್ರ ಅನ್ನುತ್ತಾರೆ. ಇನ್ನೊಬ್ಬರು ಆಚಾರ ಅನ್ನುತ್ತಾರೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ರಿಟೈರ್ಡ್ ಮೇಷ್ಟರು, "ನಮ್ಮನ್ನ ಯಾಕ್ರೀ ಅದರಾಗ ಎಳೀತೀರಿ?" ಎಂದು ನಗುತ್ತಾರೆ. ಮೊನ್ನೆ ಎಲ್ಲರೂ ನನ್ನ ಕಡೆ ತಿರುಗಿ, "ಸಾರ್, ನೀವು ಪೂಜಾರಿ ಮನೆತನದೋರು. ನೀವೇ ಹೇಳ್ಬಿಡಿ" ಅಂದರು. ನನಗೇನು ಗೊತ್ತು, ನನ್ನ ಓದು ಎಸ್ಸೆಸ್ಸೆಲ್ಸಿಗೇ ನಿಂತುಹೋಯಿತು ಅಂದೆ. ಅವರು ಅದನ್ನು ವಿನಯ ಅಂದುಕೊಂಡರು. ಅದು ವಿನಯವಲ್ಲ, ಭಯ. ಧರ್ಮದ ಬಗ್ಗೆ ನಾನು ನಿಜ ಹೇಳಬೇಕಾದರೆ ಒಂದು ಹೂವಿನ ವಿಷಯ ಹೇಳಬೇಕು. ಅದನ್ನು ಹೇಳಿದ ಮೇಲೆ ಆ ಬೆಂಚಿನ ಮೇಲೆ ನನಗೆ ಜಾಗ ಉಳಿಯುತ್ತದೋ ಇಲ್ಲವೋ.

ಈಗ ಜಯನಗರ, ಬನಶಂಕರಿ ಎಂದು ಬಸ್ಸಿನ ಬೋರ್ಡಿನ ಮೇಲೆ ಬರೆಯುವ ಜಾಗಗಳ ನಡುವೆ ನಮ್ಮದೊಂದು ಹಳ್ಳಿ ಇತ್ತು. ಗುಡಿ ಈಗಲೂ ಇದೆ. ಅದರ ಸುತ್ತ ಮೂರಂತಸ್ತಿನ ಮನೆಗಳಿವೆ. ಆಗ ಸುತ್ತ ರಾಗಿ ಹೊಲ, ಹುರುಳಿ ಹೊಲ. ಗುಡಿಯಲ್ಲಿ ನಮ್ಮ ಊರಮ್ಮ. ಅವಳದು ಕಣ್ಣು ಮೂಗು ತಿದ್ದಿದ ವಿಗ್ರಹವಲ್ಲ, ಸೊಂಟದೆತ್ತರದ ಒಂದು ಕಲ್ಲು. ತಲೆತಲಾಂತರದಿಂದ ಅರಿಸಿನ ಮೆತ್ತಿ ಮೆತ್ತಿ ಕಲ್ಲೇ ಅರಿಸಿನದ ಬಣ್ಣಕ್ಕೆ ತಿರುಗಿತ್ತು. ನಮ್ಮ ತಂದೆ ಅಲ್ಲಿ ಪೂಜಾರಿ. ಅವರ ಬಲಗೈಗೆ ಲಕ್ವ ಹೊಡೆದಾಗ ನಾನು ಗುಡಿಯ ಕೆಲಸಕ್ಕೆ ನಿಂತೆ. ಆಗಲೇ ನನಗೆ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ಕುಂಕುಮ ಅಳಿಸಿ, ಖಾಕಿ ಷರಟು ಹಾಕಿಕೊಂಡು ಸೈಕಲ್ ಹತ್ತುತ್ತಿದ್ದೆ. ಅಳಿಸುತ್ತಿದ್ದೆ ಅನ್ನುವುದನ್ನೂ ಬರೆಯಬೇಕು. ಕಾರ್ಖಾನೆಯಲ್ಲಿ ನಾನು ಪೂಜಾರಿ ಎಂದು ಯಾರಿಗೂ ಹೇಳಿರಲಿಲ್ಲ.

ಊರಹಬ್ಬ ಬಂತೆಂದರೆ ಊರಿಗೆ ಊರೇ ಒಂದು ದೇಹವಾಗುತ್ತಿತ್ತು. ಶಾನುಭೋಗರು ಪಂಚಾಂಗ ನೋಡಿ ದಿನ ಹೇಳಬೇಕು. ಕುಂಬಾರರು ಹೊಸ ಮಡಕೆ ತರಬೇಕು. ಪೂಜಾರಿಯ ತಲೆಯ ಮೇಲೆ ಕಳಸವಾಗಿ ಅಮ್ಮ ನಡೆಯುವ ದಾರಿಗೆ ಮಡಿವಾಳರು ಒಗೆದ ಸೀರೆ ಹಾಸಬೇಕು. ಹೂವಿನ ದಂಡೆ ಸಾಬರ ಮನೆಯಿಂದ ಬರಬೇಕು, ಅದು ಯಾವ ಕಾಲದಿಂದಲೋ ಬಂದ ಪದ್ಧತಿ. ಇಷ್ಟಾದರೂ ಕೇರಿಯವರು ತಮಟೆ ಬಾರಿಸದೆ ಅಮ್ಮ ಗುಡಿಯಿಂದ ಏಳುವ ಹಾಗಿರಲಿಲ್ಲ. ಆ ಕೇರಿಗೆ ಜಾತಿಯ ಹೆಸರು ಹಚ್ಚಿ ಕರೆಯುತ್ತಿದ್ದೆವು. ಈಗ ಅದನ್ನು ಬರೆಯಲು ಕೈ ಒಪ್ಪುವುದಿಲ್ಲ, ಕೇರಿ ಅಂತಲೇ ಬರೆಯುತ್ತೇನೆ. ತಮಟೆಯ ಸದ್ದು ಗರ್ಭಗುಡಿಯ ತನಕ ಬರಬಹುದು, ತಮಟೆ ಹಿಡಿದ ಕೈ ಹುಣಸೇಮರದ ಆಚೆ ನಿಲ್ಲಬೇಕು. ಅಮ್ಮ ಒಕ್ಕಲು ಮನೆಗಳ ಬೀದಿಯಲ್ಲಿ ಬಾಗಿಲು ಬಾಗಿಲಿಗೂ ನಿಂತು ಕೆರೆಗೆ ಹೋಗುವಳು. ಕೇರಿಗೆ ಹೋಗುವವಳಲ್ಲ. ಗುಡಿಗೆ ಎಲ್ಲರೂ ಬರಬಹುದು ಎಂದು ಕಾನೂನು ಬಂದಿತ್ತು. ನಾನೇ ಪತ್ರಿಕೆಯಲ್ಲಿ ಓದಿದ್ದೆ. ನಮ್ಮ ಗುಡಿಯ ಹೊಸ್ತಿಲಿಗೆ ಅದಿನ್ನೂ ತಲುಪಿರಲಿಲ್ಲ.

ಅರವತ್ತರ ದಶಕದ ಮೊದಲ ಭಾಗ. ಹೊಸ ಬಡಾವಣೆ ಮಾಡುವ ಸರ್ಕಾರದವರು ಬಂದು ಕೇರಿಯ ಸುತ್ತ ಕೆಂಪು ಬಣ್ಣದ ಗೂಟ ಹೊಡೆದು ಹೋದರು. ಗುಡಿಸಲು ತೆಗೆದು ಇಟ್ಟಮಡು ಕಡೆ ಜಾಗ ಕೊಡುತ್ತಾರೆ ಅಂತ ಸುದ್ದಿ. ಆ ವರ್ಷದ ಹಬ್ಬಕ್ಕೆ ಮುಂಚಿನ ಮಂಗಳವಾರ ಊರಿನವರೆಲ್ಲ ಗುಡಿಯ ಮುಂದೆ ಸೇರಿದ್ದಾಗ, ಹುಣಸೇಮರದ ಆಚೆಯಿಂದ ಒಬ್ಬ ಮುದುಕಿ ಕೂಗಿದಳು. ಅವಳು ಕೇರಿಯ ಸೂಲಗಿತ್ತಿ. ಊರಿನ ಅರ್ಧ ಮಂದಿಯನ್ನು ಭೂಮಿಗೆ ಇಳಿಸಿಕೊಂಡವಳು, ನನ್ನನ್ನೂ.

"ಬುದ್ದೀ, ಒಂದ್ ಮಾತು" ಅಂದಳು ಪಟೇಲರಿಗೆ. "ಮುಂದ್ಲೊರ್ಸಕ್ಕೆ ನಮ್ ಗುಡ್ಲು ಇರಾಕಿಲ್ವಂತೆ. ಅಷ್ಟ್ರೊಳಗೆ ಅಮ್ಮ ಒಂದ್ ಸಲ ನಮ್ ಕೇರಿಗೆ ಬಂದೋಗ್ಲಿ."

ಜಗಲಿಯ ಮೇಲಿದ್ದ ಒಬ್ಬ ನಕ್ಕ. "ಅಮ್ಮ ಕೇರಿಗೆ ಬರಾದಾ? ಮುದ್ಕಿಗೆ ಅರಳು ಮರಳು."

"ಊಂ ಕಣಪ್ಪಾ, ಅರಳು ಮರಳೇಯ. ನೀನು ಕಾಲು ಮುಂದ್ಮಾಡ್ಕಂಡು ಹುಟ್ದಾಗ ನಿಮ್ಮವ್ವ ಯಾರ್ ಕೈ ಹಿಡ್ಕಂಡಿದ್ಲು, ಕೇಳ್ನೋಡು."

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಪಟೇಲರು ನಗಲಿಲ್ಲ. ಅವರು ಎಂಥ ಮನುಷ್ಯ ಅಂದರೆ, ಅವರು ಕೆಮ್ಮಿದರೆ ಬೀದಿಯಲ್ಲಿ ಹೋಗುತ್ತಿದ್ದ ಎತ್ತೂ ನಿಲ್ಲುತ್ತಿತ್ತು. ಒಂದು ಮಾತಿನಲ್ಲಿ ಮುದುಕಿಯನ್ನು ಓಡಿಸಬಹುದಿತ್ತು. ಅವರು ಅಂದದ್ದು ಇದು: "ಆಗ್ಲಿ ಅನ್ನಾಕೂ, ಬ್ಯಾಡ ಅನ್ನಾಕೂ ನಾನ್ಯಾರು? ಊರು ನಂದಲ್ಲ, ಅವಳ್ದು. ಬೆಳಿಗ್ಗೆ ಹೂವು ಕೇಳಾನ. ಬಲಕ್ಕೆ ಕೊಟ್ಲು ಅಂದ್ರೆ ನಾನೇ ಮುಂದೆ ನಡೀತೀನಿ."

ಹೂವು ಕೇಳುವುದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎರಡು ಕಣಗಿಲೆ ಹೂವನ್ನು ನೀರಿನಲ್ಲಿ ಅದ್ದಿ, ಅಮ್ಮನ ಬಲಭುಜಕ್ಕೊಂದು ಎಡಭುಜಕ್ಕೊಂದು ಅಂಟಿಸುತ್ತೇವೆ. ಕೇಳಬೇಕಾದ್ದನ್ನು ಊರಿನ ಎದುರು ಜೋರಾಗಿ ಕೇಳಿ ಕಾಯುತ್ತೇವೆ. ನೀರು ಆರಿದಂತೆ ಒಂದು ಹೂವು ಬೀಳುತ್ತದೆ. ಬಲಗಡೆಯದು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಬೇಡ. ಮದುವೆ, ಬಾವಿ, ಪಾಲು, ಜಗಳ ಎಲ್ಲ ಹೀಗೇ ತೀರ್ಮಾನವಾಗುತ್ತಿದ್ದವು. ತಂದೆ ನನಗೆ ಹೇಳಿಕೊಟ್ಟಿದ್ದ ಪಾಠ ಚಿಕ್ಕದು: ಎರಡಕ್ಕೂ ಒಂದೇ ನೀರು, ಎರಡಕ್ಕೂ ಒಂದೇ ಒತ್ತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹುಳಿಮಾವಿನಲ್ಲಿ ನನಗೆ ಹೆಣ್ಣು ಗೊತ್ತಾಗಿತ್ತು. ಮಾವನಾಗುವವರು ಬಹಳ ಆಚಾರದವರೆಂದು ಹೆಸರು. ಅವರು ಹಬ್ಬಕ್ಕೆ ಬರುವವರಿದ್ದರು. ಬಲಗಡೆಯ ಹೂವು ಬಿದ್ದರೆ ಅಮ್ಮನ ಕಳಸ ಹೊತ್ತು ಕೇರಿಯೊಳಗೆ ಹೋಗುವವನು ನಾನು. ಅಲ್ಲಿ ಕೇರಿಯವರು ನನ್ನ ಪಾದ ತೊಳೆಯುತ್ತಾರೆ, ಮುಟ್ಟುತ್ತಾರೆ. ಮಾವನವರು ಅದನ್ನು ನೋಡುತ್ತಾರೆ. ಅಷ್ಟೇ ನನ್ನ ಭಯ. ಅದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ಸಿಗುವುದಿಲ್ಲ. ಪಟೇಲರು ಹೇಳಿಕೊಡಲಿಲ್ಲ, ಯಾರೂ ಕಣ್ಸನ್ನೆ ಮಾಡಲಿಲ್ಲ.

ಬೆಳಿಗ್ಗೆ ನೈವೇದ್ಯದ ತಂಬಿಟ್ಟು ಎಡೆಯಲ್ಲಿತ್ತು, ಅಕ್ಕಿಹಿಟ್ಟಿಗೆ ಬೆಲ್ಲದ ಪಾಕ ಹಾಕಿ ಕಲಸಿದ ಉಂಡೆ. ಪಕ್ಕದ ಬಟ್ಟಲಲ್ಲಿ ಮಿಕ್ಕ ಪಾಕ. ಜನಕ್ಕೆ ನನ್ನ ಬೆನ್ನು. ಬಲಗಡೆಯ ಹೂವಿನ ತೊಟ್ಟಿಗೆ ಬೆರಳ ತುದಿಯಿಂದ ಅದನ್ನು ಸವರಿ ಅಂಟಿಸಿದೆ. ಎಡಗಡೆಯದಕ್ಕೆ ಬರೀ ನೀರು.

ಆಮೇಲೆ ಪಕ್ಕಕ್ಕೆ ಸರಿದು ಜನರ ಮುಖ ನೋಡಿದೆ. ಇಷ್ಟು ವರ್ಷವಾದರೂ ಆ ಮುಖಗಳು ನನ್ನನ್ನು ಬಿಟ್ಟಿಲ್ಲ. ಪಟೇಲರು ಪೇಟ ತೆಗೆದು ಕಂಕುಳಲ್ಲಿಟ್ಟುಕೊಂಡು ನಿಂತಿದ್ದರು. ನಕ್ಕವನು ಕಣ್ಣು ಮುಚ್ಚಿದ್ದ. ಎಮ್ಮೆ ಜಗಳಕ್ಕೆ ವರ್ಷದಿಂದ ಮಾತು ಬಿಟ್ಟಿದ್ದ ಅಣ್ಣ ತಮ್ಮ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು, ತಾಗಿದ್ದು ಅವರಿಗೇ ಗೊತ್ತಿರಲಿಲ್ಲ. ಹುಣಸೇಮರದ ಆಚೆ ಕೇರಿಯ ಜನ ಬಿಸಿಲಲ್ಲಿ ಕೂತಿದ್ದರು. ಒಂದು ಹೂವಿನ ಮುಂದೆ ಎಲ್ಲರೂ ತಮ್ಮ ತಮ್ಮ ಇಷ್ಟವನ್ನು ಕೆಳಗಿಟ್ಟು ನಿಂತಿದ್ದರು. ಏನು ಬಂದರೂ ತಲೆಬಾಗುವುದೆಂದು ಮೊದಲೇ ಒಪ್ಪಿಕೊಂಡ ಜನ. ಅಂಥ ದೊಡ್ಡ ವಸ್ತುವನ್ನು ನಾನು ಮತ್ತೆ ಎಲ್ಲೂ ನೋಡಲಿಲ್ಲ. ಅಲ್ಲಿದ್ದವರಲ್ಲಿ ದೇವರನ್ನು ನಂಬದೆ ನಿಂತವನು ಒಬ್ಬನೇ, ಅವನು ಪೂಜಾರಿ.

ಎಡಗಡೆಯ ಹೂವು ಬಿತ್ತು.

"ಏನಂದ್ಲು?" ಮುದುಕಿಗೆ ದೂರದಿಂದ ಕಾಣುತ್ತಿರಲಿಲ್ಲ.

"ಎಡಕ್ಕೆ ಕೊಟ್ಟವ್ಳೆ" ಅಂದೆ.

ಪಟೇಲರು ಪೇಟ ಸುತ್ತಿಕೊಳ್ಳಲು ತುಂಬ ಹೊತ್ತು ತೆಗೆದುಕೊಂಡರು. ಅವರಿಗೆ ಸಮಾಧಾನವಾಗಿತ್ತೆಂದು ನಾನು ಆಗ ಅಂದುಕೊಂಡೆ. ಈಗ ಹಾಗೆ ಅನ್ನಿಸುವುದಿಲ್ಲ.

ಮುದುಕಿ, "ಆಯ್ತು ಬುಡು. ಅವಳಿಷ್ಟ. ಆ ಬಿದ್ದಿರೋ ಹೂವ್ನಾರ ಕೊಡು" ಅಂದಳು. ನಾನು ಮರದ ತನಕ ಹೋಗಿ, ಮುಟ್ಟದ ಹಾಗೆ ಮೇಲಿನಿಂದ ಅವಳ ಸೆರಗಿಗೆ ಹಾಕಿದೆ. ಬೇಡ ಅಂದ ಹೂವನ್ನು ಅವಳು ಕಣ್ಣಿಗೊತ್ತಿಕೊಂಡು ತನ್ನ ಬಿಳಿ ತುರುಬಿಗೆ ಮುಡಿದುಕೊಂಡಳು.

ಆ ಹಬ್ಬದಲ್ಲಿ ಕೇರಿಯವರು ಎಂದಿನಂತೆಯೇ ತಮಟೆ ಬಾರಿಸಿದರು. ಅದಕ್ಕೆ ಮುಂಚೆ, ಹೂವು ಕೇಳಿದ ಮಾರನೆಯ ದಿನ, ಗುಡಿಯ ಬಾಗಿಲು ತೆಗೆದಾಗ ಅಮ್ಮನ ಬಲಭುಜಕ್ಕೆ ಇರುವೆ ಸಾಲುಗಟ್ಟಿತ್ತು. ನೆಲದಿಂದ ಭುಜದವರೆಗೆ ಕಪ್ಪು ದಾರ ಎಳೆದ ಹಾಗೆ. ಒದ್ದೆ ಬಟ್ಟೆಯಿಂದ ಒರೆಸಿದೆ. ಹೊರಗೆ ಕೂತಿದ್ದ ತಂದೆ, "ಯಾಕೋ ಇಷ್ಟೊತ್ತು?" ಅಂದರು. "ಅಭಿಷೇಕ ಮಾಡ್ತಿದೀನಿ" ಅಂದೆ.

ಆ ವರ್ಷ ಎರಡು ಕೆಲಸ ಮುಂದಕ್ಕೆ ಹೋದವು. ಹುಳಿಮಾವಿನವರ ಮನೆಯಲ್ಲಿ ಸಾವಾಗಿ ನನ್ನ ಮದುವೆ ಮುಂದಕ್ಕೆ ಹೋಯಿತು. ಸರ್ಕಾರದ ಕೆಲಸವಾದ್ದರಿಂದ ಕೇರಿ ತೆಗೆಯುವುದೂ ಮುಂದಕ್ಕೆ ಹೋಯಿತು. ಹೀಗಾಗಿ ಮುಂದಿನ ಹಬ್ಬಕ್ಕೂ ಗುಡಿಸಲುಗಳು ಅಲ್ಲೇ ಇದ್ದವು, ಗೂಟಗಳು ಅಲ್ಲೇ ಇದ್ದವು. ಈ ಸಲ ಕೇರಿಯವರು ಏನೂ ಕೇಳಲಿಲ್ಲ. ಒಮ್ಮೆ ಬೇಡ ಅಂದ ಮೇಲೆ ಅದನ್ನೇ ಮತ್ತೆ ಕೇಳುವ ಹಾಗಿಲ್ಲ.

ಹಬ್ಬದ ದಿನ ನಾನು ಉಪವಾಸವಿದ್ದು, ಒದ್ದೆ ಬಟ್ಟೆಯಲ್ಲಿ ಅಮ್ಮನ ಕಳಸ ಹೊತ್ತೆ. ಬೆಳ್ಳಿಯ ಮುಖ, ಸುತ್ತ ಬೇವು, ಮಲ್ಲಿಗೆ, ಹೊಂಬಾಳೆ. ಕಳಸ ತಲೆಯ ಮೇಲೆ ಬಂದ ಮೇಲೆ ಪೂಜಾರಿ ಬಾಯಿ ಬಿಡಬಾರದು. ಹಿಂದಕ್ಕೆ ಹೆಜ್ಜೆ ಇಡಬಾರದು. ಅವನಿಗೆ ದಾರಿ ಹೇಳುವ ಅಧಿಕಾರ ಯಾರಿಗೂ ಇಲ್ಲ, ಕಾಲು ಅವನದಲ್ಲ ಎಂದು ಲೆಕ್ಕ. ಮಧ್ಯಾಹ್ನದ ಬಿಸಿಲು ಇಳಿದಿತ್ತು. ಒಕ್ಕಲು ಬೀದಿ ಮುಗಿದು ಕೆರೆಗೆ ತಿರುಗುವ ಕಡೆ ಬಂದೆವು. ಅಲ್ಲಿ ಎಡಕ್ಕೆ ಹೋದರೆ ಕೆರೆ, ನೇರ ಹೋದರೆ ಕೇರಿ. ತಮಟೆಯವರು ದೂರದಿಂದಲೇ ಅಮ್ಮನ ಕಡೆ ಮುಖ ಮಾಡಿಕೊಂಡು ಹಿಂದುಹಿಂದಕ್ಕೆ ಹೆಜ್ಜೆ ಹಾಕುತ್ತ ಎಡಕ್ಕೆ ತಿರುಗಿದರು. ಮಡಿವಾಳರು ಸೀರೆ ಎಡಕ್ಕೆ ಹಾಸಿದರು.

ನನ್ನ ಕಾಲು ಹಾಸಿದ ಸೀರೆಯಿಂದ ಇಳಿದು ನೇರ ಹೋಯಿತು.

ನಾನು ಮೊದಲೇ ಗೊತ್ತುಮಾಡಿಕೊಂಡಿದ್ದೆನೇ? ಇಲ್ಲ. ಆ ವರ್ಷವೆಲ್ಲ ಪಶ್ಚಾತ್ತಾಪದಲ್ಲಿ ಬೇಯುತ್ತಿದ್ದೆನೇ? ಅದೂ ಪೂರ್ತಿ ನಿಜವಲ್ಲ. ಕೆಲಸಕ್ಕೆ ಹೋಗಿಬರುತ್ತಿದ್ದೆ, ಚೆನ್ನಾಗಿಯೇ ಉಣ್ಣುತ್ತಿದ್ದೆ. ಆ ಹೊತ್ತಿನಲ್ಲಿ ನನಗೆ ನೆನಪಿರುವುದು ಪಾದದ ಕೆಳಗಿನ ನೆಲ ಬಿಸಿಯಾದದ್ದು ಮಾತ್ರ. ಸೀರೆ ಮುಗಿದು ಮಣ್ಣು ಬಂತಲ್ಲ ಎಂದುಕೊಂಡೆ. ಅಷ್ಟರಲ್ಲಿ ಮುಂದೆ ನಾಲ್ಕು ಹೆಜ್ಜೆ ಹೋಗಿದ್ದೆ.

ತಮಟೆ ನಿಂತುಬಿಟ್ಟಿತು. ಹಿಂದೆ ಗುಜುಗುಜು. "ಏ, ಪೂಜಾರಪ್ಪಾ, ಈ ಕಡೆ!" ಎಂದು ಒಬ್ಬ ಕೂಗಿದ. "ಸುಮ್ಕಿರೋ, ಅವನ್ನೇನು ಕೂಗ್ತೀಯ" ಎಂದು ಪಟೇಲರ ಗಂಟಲು. ಆಮೇಲೆ ಅವರೇ ಗಟ್ಟಿಯಾಗಿ, "ದಾರಿ ಬುಡ್ರೋ. ಅಮ್ಮ ಹೊಂಟವ್ಳೆ!" ಅಂದರು. ಹೋದ ವರ್ಷ ಆಡಿದ ಮಾತಿನಂತೆ ನನ್ನನ್ನು ದಾಟಿ ಮುಂದೆ ಬಂದು ನಡೆಯತೊಡಗಿದರು. ಕೆಲವರು ಅಲ್ಲಿಂದಲೇ ಮನೆಗೆ ತಿರುಗಿದರು. ಹೆಚ್ಚಿನವರು ಹಿಂದೆ ಬಂದರು. ಬಂದವರಲ್ಲಿ ಹುಳಿಮಾವಿನ ಮಾವನವರೂ ಇದ್ದರೆಂದು ಆಮೇಲೆ ತಿಳಿಯಿತು.

ಕೇರಿಯಲ್ಲಿ ಯಾವ ಸಿದ್ಧತೆಯೂ ಇರಲಿಲ್ಲ. ಅಮ್ಮ ಬರುತ್ತಾಳೆ ಅಂತ ಯಾರು ಎಣಿಸಿದ್ದರು? ನೀರು ಚಿಮುಕಿಸಿರಲಿಲ್ಲ, ರಂಗೋಲಿ ಇರಲಿಲ್ಲ. ಹೆಂಗಸರು ಓಡಿದರು, ಕೋಳಿಗಳು ಚೆಲ್ಲಾಪಿಲ್ಲಿಯಾದವು. "ಎಣ್ಣೆ ತತ್ತಾರೆ, ಬತ್ತಿ ತತ್ತಾರೆ" ಎಂಬ ಕೂಗು. ತಮಟೆಯ ಹುಡುಗರಿಗೆ ತಮ್ಮದೇ ಬೀದಿಯಲ್ಲಿ ಬಾರಿಸುವುದು ಹೇಗೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಮೇಲೆ ಒಮ್ಮೆಲೆ ಬಾರಿಸಿದರು. ನನ್ನ ಎದೆಯ ಗೂಡು ಅದುರಿತು.

ಸೂಲಗಿತ್ತಿ ಮುದುಕಿ ರಾಗಿಹಿಟ್ಟು ಮೆತ್ತಿದ ಕೈಯಲ್ಲೇ ಗುಡಿಸಲಿನಿಂದ ಹೊರಗೆ ಬಂದಳು. ಕಳಸ ನೋಡಿದಳು. ಕೈ ಮುಗಿಯಲಿಲ್ಲ. ಸೊಂಟಕ್ಕೆ ಕೈ ಕೊಟ್ಟು ನಿಂತು ಬೈಯಲು ಶುರುಮಾಡಿದಳು.

"ಈಗ್ ಬಂದ್ಯಾ? ಈಗ್ ನೆನಪಾಯ್ತಾ ನಿಂಗೆ? ಹೋದೊರ್ಸ ಊರ್ ಮುಂದೆ ಕೇಳುದ್ನಲ್ಲ, ಆಗೇನ್ ಬಂದಿತ್ತು ನಿಂಗೆ ಕೇಡು? ಬ್ಯಾಡ ಅಂದ್ಯಲ್ಲೇ! ನಾನೇನ್ ಪಾಪ ಮಾಡಿದ್ನೋ ಅಂತ ಒಂದೊರ್ಸ ಉಣ್ಣಾಕ್ ಕುಂತಾಗೆಲ್ಲ ಅತ್ತಿವ್ನಿ. ಬರೋಳು ಹೇಳಿ ಬರಬಾರ್ದಾ? ನಿನ್ ಮುಂದೆ ಇಕ್ಕಾಕೆ ಏನೈತೆ ನನ್ನ ತಾವ?"

ಪ್ರತಿ ಮಾತೂ ನನ್ನದು. ನನಗೆ ಸೇರಬೇಕಾದದ್ದು ನನ್ನ ತಲೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಹೋಗಿ ಅಮ್ಮನಿಗೆ ತಾಗುತ್ತಿತ್ತು. ನಾನು ಬಾಯಿ ಬಿಡುವ ಹಾಗಿಲ್ಲ, ಹಿಂದೆ ಸರಿಯುವ ಹಾಗಿಲ್ಲ. ಅಮ್ಮ ನನ್ನ ಬೈಗುಳ ತಾನು ತಿನ್ನುತ್ತಾ ಬೆಳ್ಳಿಯ ಮುಖದಲ್ಲಿ ಹಾಗೇ ಇದ್ದಳು. ಕಳಸ ಭಾರವಾಯಿತು, ಕತ್ತು ಕುಸಿಯುವಷ್ಟು. ಬೈದು ದಣಿದ ಮೇಲೆ ಮುದುಕಿ ಒಳಗೆ ಹೋಗಿ, ಕಲಸುತ್ತಿದ್ದ ಹಿಟ್ಟಿನಲ್ಲೇ ಒಂದು ಹಣತೆ ಹಿಸುಕಿ, ದೀಪ ಹಚ್ಚಿ ತಂದಳು. ಒಂದು ಚೆಂಬು ನೀರು ನನ್ನ ಕಾಲ ಮೇಲೆ ಹೊಯ್ದು, ಎರಡೂ ಕೈಯಿಂದ ಪಾದ ಉಜ್ಜಿ ತೊಳೆದಳು. ನನ್ನನ್ನು ಈ ಲೋಕದಲ್ಲಿ ಮೊಟ್ಟಮೊದಲು ಮುಟ್ಟಿದ್ದೇ ಆ ಕೈಗಳು. ಅವು ಮುಟ್ಟಬಾರದೆಂದು ನಾನು ದೇವರಿಗೇ ಬೆಲ್ಲ ಸವರಿದ್ದೆ.

ಗುಡಿಗೆ ಹಿಂದಿರುಗಿದ ಮೇಲೆ ಶುದ್ಧಿ ಮಾಡಿಸಬೇಕೇ ಎಂದು ಯಾರೋ ಮಾತು ತೆಗೆದರು. ಪಟೇಲರು, "ಅಮ್ಮ ಹೋಗಿ ಬಂದ ಜಾಗಕ್ಕೆ ಶುದ್ಧಿ ಮಾಡಾಕೆ ನಿಮ್ಮಪ್ಪ ಬರ್ತಾನಾ?" ಅಂದರು. ಅಲ್ಲಿಗೆ ಮುಗಿಯಿತು. ಹುಳಿಮಾವಿನ ಮಾವನವರು ನನ್ನ ಕಾಲು ಮುಟ್ಟಲು ಬಗ್ಗಿದರು. ನಾನು ಹೆದರಿ ಹಿಂದೆ ಸರಿದೆ. "ನೀವಲ್ಲ ಅಳಿಯಂದಿರೇ, ಅಮ್ಮ ನಡೆಸಿದ ಕಾಲು" ಅಂದರು. ಯಾರಿಗೆ ಹೆದರಿ ನಾನು ಹೂವು ಕೆಡಿಸಿದೆನೋ ಅವರೇ ಇವರು. ನನ್ನ ಮದುವೆ ಅದೇ ತಿಂಗಳು ಆಯಿತು. ಅಮ್ಮ ನಡೆಸಿದವನು ಎಂದು ಊರಿನಲ್ಲಿ ನನಗೆ ಒಂದು ಗೌರವ ಹುಟ್ಟಿಕೊಂಡಿತು. ನಾನು ಅದನ್ನು ಬೇಡ ಅನ್ನಲಿಲ್ಲ.

ಮಳೆಗಾಲಕ್ಕೆ ಮುಂಚೆ ಕೇರಿ ತೆಗೆದರು. ಗಾಡಿಗಳಲ್ಲಿ ಗಳ, ಹುಲ್ಲು, ಒರಳುಕಲ್ಲು ಹೇರಿಕೊಂಡು ಜನ ಇಟ್ಟಮಡು ಕಡೆ ಹೋದರು. ಕೆಲವು ತಿಂಗಳು ತಡೆದು, ಒಂದು ಭಾನುವಾರ ನಾನು ಸೈಕಲ್ ತುಳಿದುಕೊಂಡು ಅಲ್ಲಿಗೆ ಹೋದೆ. ಮುದುಕಿ ಹೊಸ ಗುಡಿಸಲಿನ ಮುಂದೆ ಕೂತು ಅವರೆಕಾಳು ಬಿಡಿಸುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಪಾಕ, ಹೂವು, ಇರುವೆ, ಎಲ್ಲ.

ಅವಳು ನನ್ನನ್ನು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಮೊರ ಪಕ್ಕಕ್ಕಿಟ್ಟು, "ಅಯ್ಯೋ ನನ್ನವ್ವಾ" ಎಂದು ಎರಡೂ ಕೆನ್ನೆಗೆ ಬಡಿದುಕೊಂಡಳು. "ಅವಳು ಬ್ಯಾಡ ಅಂದೇ ಇರ್ಲಿಲ್ವಾ? ಬ್ಯಾಡ ಅನ್ದೇ ಇರೋಳ್ನ ನಾನು ಬೀದೀಲಿ ನಿಲ್ಸಿ ಬೈದ್ನಲ್ಲೋ! ಒಂದೊರ್ಸ ಮನೇಲಿ ಅವಳಿಗೆ ದೀಪ ಹಚ್ಲಿಲ್ಲ ಕಣೋ ನಾನು!"

"ತಪ್ಪು ನಂದು ಅಜ್ಜಿ."

"ನಿಂದು ನೀನ್ ನೋಡ್ಕೋ. ನಂದು ಏನ್ ಮಾಡ್ಲಿ ಹೇಳು." ಅವಳ ಕಣ್ಣಿನಲ್ಲಿ ನೀರು ತುಂಬಿತ್ತು. ಸೆರಗಿನಿಂದ ಒರೆಸಿಕೊಂಡು ಅಂದಳು: "ಮಂಗಳವಾರ ಬಾಗ್ಲು ತಗೀತೀಯಲ್ಲ, ಆಗ ಅವಳ ಕಿವಿ ತಾವ ಹೋಗಿ ಹೇಳು. ಮುದ್ಕಿ ತಿಳೀದೆ ಬೈದ್ಲು, ತಪ್ಪಾಯ್ತಂತೆ ಅನ್ನು. ನಾನು ಒಳಕ್ ಬರಂಗಿಲ್ವಲ್ಲ, ಅದಕ್ಕೆ."

"ಆಗ್ಲಿ ಅಜ್ಜಿ, ಹೇಳ್ತೀನಿ" ಅಂದೆ. ಸೈಕಲ್ ಹತ್ತಿದೆ.

ಹೊಸ ರಸ್ತೆಗೆ ಜಲ್ಲಿ ಸುರಿದಿದ್ದ ಕಡೆ ಬಂದಾಗ ಹೊಳೆಯಿತು. ಬಾಗಿಲ ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. "ನೀನೇ ಬಾ ಅಜ್ಜಿ, ನೀನೇ ಹೇಳು" ಅನ್ನಬಹುದಿತ್ತು. ಕಾನೂನು ಇತ್ತು, ಪಟೇಲರು ತಡೆಯುತ್ತಿರಲಿಲ್ಲ, ಮಾವನವರ ಹೆದರಿಕೆಯೂ ಉಳಿದಿರಲಿಲ್ಲ. ಸೈಕಲ್ ಇಳಿದು ನಿಂತೆ. ಹಿಂದಕ್ಕೆ ತಿರುಗು ಎಂದು ನನಗೆ ನಾನೇ ಹೇಳಿಕೊಂಡೆ. ಅವಳ ಗುಡಿಸಲಿನ ಹೊಗೆ ಇನ್ನೂ ಕಾಣುತ್ತಿತ್ತು. ಕಾಲು ತಿರುಗಲಿಲ್ಲ. ಬಹಳ ಹೊತ್ತು ನಿಂತೆ. ತಿರುಗಲೇ ಇಲ್ಲ. ಆಮೇಲೆ ಊರ ಕಡೆಗೇ ಸೈಕಲ್ ತುಳಿದೆ.

ಆದ್ದರಿಂದಲೇ ಹಬ್ಬದ ದಿನ ಕೇರಿಯ ಕಡೆ ನಡೆದದ್ದು ನಾನಲ್ಲ ಎಂದು ನನಗೆ ಗೊತ್ತು. ನಾನು ಎಂಥವನು, ನನ್ನ ಕಾಲು ಎಂಥದ್ದು ಎಂದು ಆ ಜಲ್ಲಿಯ ರಾಶಿಯ ಹತ್ತಿರ ನೋಡಿಬಿಟ್ಟಿದ್ದೇನೆ. ಪಾರ್ಕಿನ ದೊಡ್ಡವರು ಮನಸ್ಸು ಅನ್ನಲಿ, ಭ್ರಮೆ ಅನ್ನಲಿ, ನನ್ನಲ್ಲಿ ವಾದವಿಲ್ಲ. ಅಷ್ಟು ದೊಡ್ಡದು ಇಷ್ಟು ಸಣ್ಣವನ ತಲೆಯ ಮೇಲೆ ಒಂದು ಮಧ್ಯಾಹ್ನ ಕೂತು, ತನಗೆ ಬೇಕಾದ ಕಡೆ ಹೋಗಿ, ತನ್ನದಲ್ಲದ ಬೈಗುಳ ತಿಂದು ಬಂತು.

ಮಂಗಳವಾರ ಬಾಗಿಲು ತೆಗೆದು, ಅರಿಸಿನದ ಕಲ್ಲಿನ ಹತ್ತಿರ ಬಗ್ಗಿ ಮುದುಕಿಯ ಮಾತು ಹೇಳಿದೆ. "ತಿಳೀದೆ ಬೈದ್ಲು, ತಪ್ಪಾಯ್ತಂತೆ." ನನ್ನದನ್ನು ಹೇಳಲು ಬಾಯಿ ತೆರೆದೆ. ಹೊರಗೆ ಜನ ಮಂಗಳಾರತಿಗೆ ಕಾಯುತ್ತಿದ್ದರು. ಗಂಟೆ ಎತ್ತಿಕೊಂಡೆ.